ಮುಖ ತೆರೆದ ನಿಮಿಷ

ಗಿರಾಕಿ ಮಾಸ್ಕ್ ತೆಗೆದು ತೊಡೆಯ ಮೇಲಿಟ್ಟುಕೊಂಡು ಉಸಿರು ಬಿಗಿಹಿಡಿದು ಕೂತ. ಈಚೆಗೆ ಎಲ್ಲರೂ ಹೀಗೆಯೇ. ಫೋಟೋ ತೆಗೆಯುವಷ್ಟು ಹೊತ್ತು ಉಸಿರಾಡಿದರೆ ಎದುರಿಗಿರುವವನ ರೋಗ ತಮಗೆ ಬಂದೀತು, ಇಲ್ಲವೇ ತಮ್ಮದು ಅವನಿಗೆ ಹೋದೀತು ಎಂದು ನೀರಿನಲ್ಲಿ ಮುಳುಗಿದವರ ಹಾಗೆ ಕೆನ್ನೆ ಉಬ್ಬಿಸಿಕೊಂಡು ಕೂರುತ್ತಿದ್ದರು. ಕೆನ್ನೆ ಇಳಿಸಿ, ಗಲ್ಲ ಸ್ವಲ್ಪ ಕೆಳಗೆ, ಎಂದು ಸ್ಟುಡಿಯೋದವನು ಹೇಳಿದ. ಇನ್ನೊಂದು ಮಾತನ್ನು ಮಾತ್ರ ಹೇಳಲಿಲ್ಲ. ಇಪ್ಪತ್ತಾರು ವರ್ಷ ಮದುವೆಗಳಲ್ಲಿ ಕ್ಯಾಮೆರಾ ಹಿಡಿದು ‘ನಗಿ, ಸ್ವಲ್ಪ ನಗಿ’ ಎಂದು ಕೂಗಿ ಕೂಗಿ, ಕೊನೆಗೆ ಬೀದಿಯ ಮಕ್ಕಳೆಲ್ಲ ಅವನನ್ನು ನಗಿಮಾಮ ಎಂದು ಕರೆಯುವಂತಾಗಿ, ಮಕ್ಕಳ ಬಾಯಿಂದ ಅದು ದೊಡ್ಡವರ ಬಾಯಿಗೆ ಹೋಗಿ, ಅಂಗಡಿಯ ಬೋರ್ಡಿನಲ್ಲಿರುವ ಹೆಸರು ಯಾರದೆಂದು ಅವನೇ ಒಂದು ಕ್ಷಣ ಯೋಚಿಸುವಷ್ಟು ಅಂಟಿಕೊಂಡುಬಿಟ್ಟಿತ್ತು. ಶನಿವಾರದಿಂದ ಆ ಮಾತು ಬಾಯಿಗೇ ಬರುತ್ತಿರಲಿಲ್ಲ. ಓಡಾಟದ ಪಾಸಿಗೆ ಅಂಟಿಸುವ ಫೋಟೋದಲ್ಲಿ ಯಾರೂ ನಗಬೇಕಾಗಿಲ್ಲ, ಅಷ್ಟರಮಟ್ಟಿಗೆ ಬದುಕಿಕೊಂಡ.

ಗಿರಾಕಿ ಅರ್ಧ ಎತ್ತಿದ ಷಟರ್ ಕೆಳಗೆ ಬಗ್ಗಿ ಹೊರಗೆ ಹೋದ ಮೇಲೆ ಸ್ಟೂಲಿಗೆ ಸ್ಯಾನಿಟೈಸರ್ ಸಿಂಪಡಿಸಿ ಒರೆಸಿದ. ಬಗ್ಗಿದಾಗ ಅಂಗಿಯ ಜೇಬಿನಲ್ಲಿದ್ದ ಪೆನ್‌ಡ್ರೈವ್ ಎದೆಗೆ ಒತ್ತಿತು. ಹೆಬ್ಬೆರಳಿನಷ್ಟೂ ಇಲ್ಲದ ವಸ್ತು. ಬೆಳಗ್ಗೆಯಿಂದ ಎಷ್ಟು ಸಲ ಮುಟ್ಟಿ ನೋಡಿಕೊಂಡಿದ್ದನೋ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ, ಇಲ್ಲಿ ಕಳ್ಳ ಅಂತ ಯಾರೂ ಇನ್ನೂ ಅಂದಿರಲೂ ಇಲ್ಲ. ಹನ್ನೊಂದು ಗಂಟೆಗೆ ಅಂಚೆಯಕ್ಕನ ಮನೆಗೆ ಹೋಗಿ ಅದನ್ನು ಕೊಡಬೇಕು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದ ವಿಂಗಡಿಸಿ ನಿವೃತ್ತಳಾದ ಹೆಂಗಸು. ಆಕೆಯ ಗಂಡ, ಬಸ್ಸಿನ ಡ್ರೈವರ್ ಆಗಿದ್ದವರು, ಗುರುವಾರ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಪೆನ್‌ಡ್ರೈವಿನಲ್ಲಿ ಗಂಡನ ಕೊನೆಯ ಪ್ರಯಾಣದ ನಾಲ್ಕು ನಿಮಿಷದ ವಿಡಿಯೋ ಇದೆ ಎಂದು ಆಕೆ ತಿಳಿದಿದ್ದಾಳೆ. ವಿಡಿಯೋ ಇರುವುದು ನಿಜ, ನಾಲ್ಕು ನಿಮಿಷವೂ ನಿಜ. ಅದರಲ್ಲಿರುವವರು ಮಾತ್ರ ಆಕೆಯ ಗಂಡ ಅಲ್ಲ.

ಒಳಗೆ ಹೆಂಡತಿ ಕಂಪ್ಯೂಟರಿನ ಮುಂದೆ ಕೂತು, ಈಗ ಹೋದ ಗಿರಾಕಿಯ ಕೆನ್ನೆಯ ಮೇಲೆ ಮಾಸ್ಕಿನ ದಾರ ಮೂಡಿಸಿದ್ದ ಗೆರೆಯನ್ನು ಅಳಿಸುತ್ತಿದ್ದಳು. ಅಳಿಸುವುದರಲ್ಲಿ ಅವಳದು ಎತ್ತಿದ ಕೈ. ಮದುವೆ ಆಲ್ಬಮ್ಮುಗಳಲ್ಲಿ ಮೊಡವೆ, ಬೆವರು, ಹಿಂದೆ ನಿಂತು ಆಕಳಿಸುವ ನೆಂಟರು, ಒಮ್ಮೆಯಂತೂ ಮದುವೆಯಾದ ಆರೇ ತಿಂಗಳಿಗೆ ಮುನಿಸಿಕೊಂಡ ಒಬ್ಬ ಭಾವನನ್ನು ನಲವತ್ತೆರಡು ಫೋಟೋಗಳಿಂದ ಕೂದಲೆಳೆಯೂ ಉಳಿಯದಂತೆ ಎತ್ತಿ ಹಾಕಿದ್ದಳು. ಆದರೆ ನಿನ್ನೆ ಅವನು ಪಕ್ಕ ಕೂತು, ಮಂಗಳವಾರದ ವಿಡಿಯೋದಿಂದ ಇಷ್ಟು ಕತ್ತರಿಸಿ ಶುಕ್ರವಾರದ್ದು ಅಂತ ಮಾಡಿಕೊಡು ಎಂದಾಗ ಮೌಸ್ ಬಿಟ್ಟು ಎದ್ದಿದ್ದಳು. “ನಿಮಗೆ ಸರಿ ಅನ್ನಿಸಿದ್ರೆ ಮಾಡಿ. ನನ್ನ ಕೈಯಲ್ಲಿ ಮಾತ್ರ ಮಾಡಿಸಬೇಡಿ,” ಎಂದು ಹೇಳಿ ಟೀ ಇಡಲು ಹೋದಳು. ಅಷ್ಟೇ. ಅವಳು ಜಗಳವಾಡಿದ್ದರೆ ಅವನಿಗೂ ಒಂದು ಆಧಾರ ಇರುತ್ತಿತ್ತು, ಎದುರು ಮಾತಾಡಿ ತಾನು ಮಾಡುತ್ತಿರುವುದೇ ಸರಿ ಎಂದು ತನಗೇ ನಂಬಿಸಿಕೊಳ್ಳಬಹುದಿತ್ತು. ಟೀ ತಂದು ಇಟ್ಟಳು, ಸಕ್ಕರೆಯೂ ಸರಿಯಾಗಿತ್ತು.

ಈ ವರ್ಷ ಕ್ಯಾಮೆರಾದವರೆಲ್ಲ ಏನೇನೋ ಆಗಿದ್ದರು. ಅವರದೊಂದು ವಾಟ್ಸಾಪ್ ಗುಂಪು ಇತ್ತು; ಮದುವೆಗಳು ಒಂದೊಂದಾಗಿ ಮುಂದಕ್ಕೆ ಹೋದ ಮೊದಲ ತಿಂಗಳು ಅಲ್ಲಿ ಬರೀ ಜೋಕು, ಎರಡನೆಯ ತಿಂಗಳು ಬರೀ ಬೈಗುಳ, ಮೂರನೆಯ ತಿಂಗಳಿಂದ ಮಾರಾಟಕ್ಕಿರುವ ಲೆನ್ಸುಗಳ ಫೋಟೋ. ಆಲ್ಬಮ್ ಬೈಂಡಿಂಗ್ ಮಾಡುವವನು ಮುಖಪುಟಕ್ಕೆಂದು ತಂದಿಟ್ಟಿದ್ದ ಮಖಮಲ್ ಬಟ್ಟೆಯಲ್ಲಿ ಮಾಸ್ಕ್ ಹೊಲಿದ. ಹಾಕಿಕೊಂಡವರಿಗೆ ಸೆಖೆಯಲ್ಲಿ ಪ್ರಾಣ ಹೋಗುವುದೊಂದು ಬಾಕಿ. ಲೈಟು ಬಾಡಿಗೆ ಕೊಡುತ್ತಿದ್ದವನು ಮನೆಯಿಂದ ಪಾಠ ಹೇಳುವ ಮೇಷ್ಟರುಗಳಿಗೆ ಲೈಟು ಕೊಟ್ಟು ಹೇಗೋ ದಡ ಮುಟ್ಟಿದ. ಡ್ರೋನ್‌ನವನು ಪೊಲೀಸರ ಪರವಾಗಿ ಬೀದಿಗಳ ಮೇಲೆ ಅದನ್ನು ಹಾರಿಸಿ, ಮೊದಲ ದಿನವೇ ಇಸ್ಪೀಟು ಆಡುತ್ತಿದ್ದ ತನ್ನ ಸ್ವಂತ ಮಾವನನ್ನು ಹಿಡಿಸಿಕೊಟ್ಟು ಮನೆಯಲ್ಲಿ ಊಟಕ್ಕೆ ಸಂಚಕಾರ ತಂದುಕೊಂಡ. ಇವನು ಮಾತ್ರ ಆರಕ್ಕೇರಲಿಲ್ಲ ಮೂರಕ್ಕಿಳಿಯಲಿಲ್ಲ ಎನ್ನುವ ಹಾಗೆ ಅಂಗಡಿಯೊಳಗೇ ಕೂತಿದ್ದ. ಒಂದು ದಿನ ಬೀರು ತೆಗೆದು ನೋಡಿದರೆ, ಮದುವೆಗಳಿಗೆಂದೇ ಕೊಂಡಿದ್ದ ದೊಡ್ಡ ಲೆನ್ಸಿನ ಒಳಗೆ ಫಂಗಸ್ ಬಂದಿತ್ತು. ಬಳಸದೆ ಮುಚ್ಚಿಟ್ಟರೆ ಬರುತ್ತದೆ, ಎಲ್ಲರಿಗೂ ಗೊತ್ತಿರುವುದೇ. ಬೆಳಕಿಗೆ ಹಿಡಿದಾಗ ಗಾಜಿನೊಳಗೆ ಬೇರಿನಂಥ ಎಳೆಗಳು ಕಂಡವು. ಅವನು ಅಲ್ಲೇ ನೆಲದ ಮೇಲೆ ಕೂತು ಅತ್ತಿದ್ದ, ಅಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಹೆಂಡತಿ ನೋಡಿದಳೋ ಇಲ್ಲವೋ ಗೊತ್ತಿಲ್ಲ.

ಅದಾದ ವಾರಕ್ಕೆ ಮೊದಲ ಕರೆ ಬಂದದ್ದು. ದೂರದ ಊರಿನಲ್ಲಿ ಸಿಕ್ಕಿಕೊಂಡಿದ್ದ ಮಗಳೊಬ್ಬಳು, ತಾಯಿಯ ಅಂತ್ಯಕ್ರಿಯೆಯನ್ನು ವಿಡಿಯೋ ಮಾಡಿಕೊಡ್ತೀರಾ ಎಂದು ಕೇಳಿದಳು. ಅವನು ಅಂಥದ್ದೆಲ್ಲ ಮಾಡುವುದಿಲ್ಲ ಎಂದ. ಇಟ್ಟ ಫೋನನ್ನು ಅರ್ಧ ಗಂಟೆಯ ಮೇಲೆ ತಾನೇ ಎತ್ತಿ, ಮಾಡ್ತೀನಮ್ಮ ಎಂದ. ಹೊಟ್ಟೆಪಾಡು ಒಂದು ಕಾರಣ. ಕೆಲಸವಿಲ್ಲದ ಕೈ ಕ್ಯಾಮೆರಾಕ್ಕೆ ಹಾತೊರೆಯುತ್ತಿದ್ದದ್ದು ಇನ್ನೊಂದು. ಆಸ್ಪತ್ರೆಯ ಹಿಂದೆ, ಶವವಿದ್ದ ನೀಲಿ ಚೀಲವನ್ನು ಗಾಡಿಗೆ ಏರಿಸುವಾಗ ಅವನ ಕಾಲು ತಾನಾಗಿಯೇ ಎರಡು ಹೆಜ್ಜೆ ಬಲಕ್ಕೆ ಸರಿದು, ಹಿಂದಿದ್ದ ಕಸದ ಡಬ್ಬಿ ಚೌಕಟ್ಟಿಗೆ ಬರದಂತೆ ನೋಡಿಕೊಂಡಿತು. ಮದುವೆಗಳಲ್ಲಿ ಹೆಣ್ಣು ಕಾರು ಹತ್ತುವಾಗ ಅವನು ನಿಲ್ಲುತ್ತಿದ್ದ ಜಾಗವೇ ಅದು. ಆ ಮಗಳು ಮರುದಿನ ಫೋನು ಮಾಡಿ ಅಳುತ್ತಲೇ, ತುಂಬಾ ಚೆನ್ನಾಗಿ ತೆಗೆದಿದ್ದೀರಿ ಎಂದಳು. ಅವನ ಮನಸ್ಸು ಅರಳಿತು. ಅರಳಿದ್ದು ಗೊತ್ತಾದ ಕೂಡಲೇ ನಾಚಿಕೆಯಾಯಿತು, ಆದರೆ ಅರಳಿದ್ದಂತೂ ನಿಜ. ಮೂರು ವಾರಗಳಲ್ಲಿ ಹದಿನೇಳು ಮಾಡಿದ. ಆಸ್ಪತ್ರೆಯ ಹಿಂಬದಿಯ ಶವಾಗಾರದಲ್ಲಿ ಅವನು ಪರಿಚಿತನಾದ. ಮನೆಯವರು ಯಾರೂ ಒಳಗೆ ಬರುವಂತಿಲ್ಲವಾದ್ದರಿಂದ, ಚೀಲದ ಜಿಪ್ ಇಳಿಸಿ ಒಂದೇ ಒಂದು ನಿಮಿಷ ಮುಖ ತೆರೆದು ಅವನ ಕ್ಯಾಮೆರಾಕ್ಕೆ ತೋರಿಸುವುದು ಎಂದು ಅಲ್ಲಿಯ ಕೆಲಸದವರ ಜೊತೆ ಒಂದು ಒಪ್ಪಂದವೂ ಆಗಿತ್ತು. ಆ ನಿಮಿಷವೇ ಎಲ್ಲ. ಮನೆಯವರು ಮತ್ತೆ ಮತ್ತೆ ನೋಡುತ್ತಿದ್ದದ್ದು ಅದನ್ನು.

ಅಂಚೆಯಕ್ಕನೂ ಅದನ್ನೇ ಕೇಳಿದ್ದಳು. ಗಂಡನನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದ ಮರುದಿನವೇ ಆಕೆಗೂ ರೋಗ ಇದೆಯೆಂದು ಗೊತ್ತಾಗಿ ಮನೆಯ ಬಾಗಿಲಿಗೆ ಹೊರಗೆ ಬರುವಂತಿಲ್ಲ ಎಂಬ ಚೀಟಿ ಅಂಟಿಸಿ ಹೋಗಿದ್ದರು. ಹನ್ನೆರಡು ದಿನ ಆಕೆ ಮನೆಯಲ್ಲಿ, ಅವರು ಆಸ್ಪತ್ರೆಯಲ್ಲಿ. ಮಕ್ಕಳಿಲ್ಲ. ಮೈದುನ ಒಬ್ಬ ಇದ್ದ. ಅವನು ಶುಕ್ರವಾರ ಆಸ್ಪತ್ರೆಯ ಗೇಟಿನವರೆಗೆ ಬಂದು, ಕಾಗದಕ್ಕೆ ಸಹಿ ಹಾಕಿ, ಇಲ್ಲಿಂದಲೇ ಕೈ ಮುಗೀತೀನಿ ಎಂದು ಹೊರಗೇ ನಿಂತ. ಅವನನ್ನು ಬೈಯಲು ಯಾರಿಗೆ ಬಾಯಿ ಬರುತ್ತದೆ, ಮನೆಯಲ್ಲಿ ಕೂಸು ಇದ್ದವನು. ಫೋನಿನಲ್ಲಿ ಆಕೆ ಹೆಚ್ಚು ಮಾತಾಡಿರಲಿಲ್ಲ. “ನಾನು ಹೋಗೋ ಹಾಗಿಲ್ಲ. ನನ್ನ ಬದಲು ನೀವು ನೋಡ್ಕೊಂಡು ಬನ್ನಿ,” ಎಂದಿದ್ದಳು. ತೆಗೆದುಕೊಂಡು ಬನ್ನಿ ಎಂದಿರಲಿಲ್ಲ, ನೋಡಿಕೊಂಡು ಬನ್ನಿ ಎಂದಿದ್ದಳು. ಆ ವ್ಯತ್ಯಾಸ ಆಗ ಅವನ ತಲೆಗೆ ಹೋಗಲಿಲ್ಲ.

ವಿಡಿಯೋದವರಲ್ಲಿ ಒಂದು ತಪ್ಪಿಗೆ ಉಲ್ಟಾ ಶೂಟಿಂಗ್ ಎಂದು ಹೆಸರು. ಗುಂಡಿ ಒಮ್ಮೆ ಒತ್ತಿದರೆ ಚಿತ್ರೀಕರಣ ಶುರು, ಮತ್ತೆ ಒತ್ತಿದರೆ ನಿಲ್ಲುತ್ತದೆ. ಗೊತ್ತಿಲ್ಲದೆ ಒಂದು ಸಲ ಹೆಚ್ಚಾಗಿ ಒತ್ತಿಬಿಟ್ಟರೆ ಮುಗಿಯಿತು. ಅಲ್ಲಿಂದ ಮುಂದೆ ಶುರು ಎಂದುಕೊಂಡಾಗಲೆಲ್ಲ ನಿಂತಿರುತ್ತದೆ, ನಿಂತಿದೆ ಎಂದುಕೊಂಡಾಗಲೆಲ್ಲ ಓಡುತ್ತಿರುತ್ತದೆ. ಕೆಲಸ ಕಲಿಯುವ ಮೊದಲ ತಿಂಗಳು ಎಲ್ಲರೂ ಮಾಡುತ್ತಾರೆ, ಎಲ್ಲರೂ ನಗುತ್ತಾರೆ. ಅವನೂ ಕಲಿಯುವಾಗ ಒಂದು ಹುಟ್ಟುಹಬ್ಬಕ್ಕೆ ಹೋಗಿ, ಕೇಕು ಕತ್ತರಿಸಿದ್ದು ಬಿಟ್ಟು ಉಳಿದದ್ದೆಲ್ಲ, ಅಂದರೆ ತನ್ನ ಚಪ್ಪಲಿ, ಮೇಜಿನ ಕಾಲು, ನೆಕ್ಕುತ್ತಿರುವ ಒಂದು ನಾಯಿ, ಇಷ್ಟನ್ನು ತಂದಿದ್ದ. ಗುರು ಕಪಾಳಕ್ಕೆ ಒಂದು ಕೊಟ್ಟಿದ್ದರು. ಇಪ್ಪತ್ತಾರು ವರ್ಷಗಳ ಮೇಲೆ, ಎರಡು ಪದರ ಕೈಗವಸಿನಲ್ಲಿ ಬೆರಳಿಗೆ ಗುಂಡಿಯ ಸ್ಪರ್ಶ ಸಿಗದೆ, ಮುಖದ ಮುಂದಿನ ಪ್ಲಾಸ್ಟಿಕ್ ಗಾಜು ಉಸಿರಿಗೆ ಮಂಜಾಗಿ ಪರದೆಯ ಮೂಲೆಯಲ್ಲಿ ಚಿತ್ರೀಕರಣ ಓಡುತ್ತಿದೆ ಎಂದು ತೋರಿಸುವ ಕೆಂಪು ಚುಕ್ಕೆ ಕಾಣದೆ, ಶುಕ್ರವಾರ ಅವನು ಅದನ್ನೇ ಮಾಡಿದ. ಕಾರಣಗಳು ಬೇಕಾದಷ್ಟು. ಹದಿನೇಳು ಸಲ ಅದೇ ಕೈಗವಸು, ಅದೇ ಮಂಜು ಇದ್ದಾಗ ಆಗದ್ದು ಹದಿನೆಂಟನೆಯ ಸಲ ಯಾಕಾಯಿತು ಎಂಬುದಕ್ಕೆ ಅವನ ಹತ್ತಿರ ಒಂದೇ ಉತ್ತರ ಇತ್ತು: ಆ ಹೊತ್ತಿಗೆ ಅವನು ಚುಕ್ಕೆಯನ್ನು ನೋಡುವುದನ್ನೇ ಬಿಟ್ಟಿದ್ದ.

ಶನಿವಾರ ಕಾರ್ಡು ಹಾಕಿ ನೋಡಿದಾಗ ಕತ್ತಿನಲ್ಲಿ ನೇತಾಡುವ ಕ್ಯಾಮೆರಾ ಕಂಡ ನೆಲ, ಸವೆದ ಟೈಲ್ಸ್, ನೀಲಿ ಪ್ಲಾಸ್ಟಿಕ್ ಸುತ್ತಿದ ತನ್ನ ಬೂಟು, ಸ್ಟ್ರೆಚರಿನ ಚಕ್ರ. ಹೆಂಡತಿ ಹಿಂದೆ ನಿಂತಿದ್ದಳು. ಧ್ವನಿ ಮಾತ್ರ ಸ್ಪಷ್ಟವಾಗಿತ್ತು. ಶವಾಗಾರದವನು ಕಾಗದಕ್ಕೆ ಕಾಯುತ್ತ ನಿಂತಲ್ಲಿ ಬೇಸರ ಕಳೆಯಲು, “ಏನ್ ನಗಿಮಾಮ, ಇವರಿಗೂ ನಗಿ ಅಂತೀರಾ?” ಎನ್ನುತ್ತಾನೆ. ಆಮೇಲೆ ಒಂದು ನಗು. ತನ್ನದೇ ನಗು, ಅವನು ಹೊರಗಿನಿಂದ ಎಂದೂ ಕೇಳಿರದ ನಗು, ಮೂಗಿನಿಂದ ಬರುವ, ಎದುರಿನವನನ್ನು ಒಲಿಸಿಕೊಳ್ಳುವ ನಗು. ಅವನಿಗೆ ಜೋಕು ಇಷ್ಟವಾಗಿರಲಿಲ್ಲ. ಆದರೂ ನಕ್ಕಿದ್ದ, ಆ ಮನುಷ್ಯನ ಸಹಾಯ ನಾಳೆಯೂ ಬೇಕು. ಮುಂದೆ ಶವಾಗಾರದವನು, ಸರಿ ತೆಗೀತೀನಿ, ಒಂದೇ ನಿಮಿಷ, ಎನ್ನುತ್ತಾನೆ. ಜಿಪ್ಪಿನ ಶಬ್ದ ಶುರುವಾಗುತ್ತದೆ. ಅಲ್ಲಿಗೆ ಕಪ್ಪು. ಮತ್ತೆ ಚಿತ್ರ ಬರುವಾಗ ಜಿಪ್ಪು ಮೇಲಕ್ಕೆ ಹೋಗುವ ಶಬ್ದ, ಅದರ ಜೊತೆಗೆ ತನ್ನ ಮಾತು: “ಸಾಕು ಬಿಡಿ, ಇವರದು ನೋಡೋಕೆ ಮನೇಲಿ ಒಬ್ರೇ ಇರೋದು.” ಹೆಂಡತಿ ಕಿಟಕಿ ತೆರೆಯಲು ಹೋದಳು. ಆ ಕಿಟಕಿ ಆಗಲೇ ತೆರೆದಿತ್ತು.

ಭಾನುವಾರ ಇಡೀ ದಿನ ಅವನು ತನಗೆ ತಾನೇ ವಕೀಲನಾದ. ಮಂಗಳವಾರ ತೆಗೆದ ಒಬ್ಬ ಮುದುಕರ ವಿಡಿಯೋ ಇತ್ತು. ಅದೇ ಕೋಣೆ, ಅದೇ ಸ್ಟ್ರೆಚರ್, ಅದೇ ನೀಲಿ ಚೀಲ. ಮುಖ ತೆರೆಯುವ ಭಾಗ ಬಿಟ್ಟು, ಕಾಲಿನ ಕಡೆ ಕಟ್ಟಿದ ನಂಬರು ಚೀಟಿ ಕಾಣದಂತೆ ಚಿತ್ರವನ್ನು ಹಿಗ್ಗಿಸಿದರೆ ಯಾರು ಯಾರೆಂದು ಹೆತ್ತ ತಾಯಿಗೂ ಗೊತ್ತಾಗುವುದಿಲ್ಲ. ಮುಖ ತೋರಿಸಲು ಆ ದಿನ ಬಿಡಲಿಲ್ಲ ಎಂದರೆ ಆಯಿತು. ಪಾಪದ ಹೆಂಗಸು, ಆಕೆಯ ಮನಸ್ಸಿಗೆ ಸಮಾಧಾನ ಮುಖ್ಯ. ಒಳ್ಳೆಯದಕ್ಕೆ ಹೇಳಿದ ಸುಳ್ಳು ಸುಳ್ಳಲ್ಲ. ಹೀಗೆ ಒಂದೊಂದೇ ಮಾತನ್ನು ಜೋಡಿಸುತ್ತ ಮೌಸ್ ಎಳೆಯುತ್ತಿದ್ದಾಗ, ಇವೆಲ್ಲ ಆಕೆಯ ಸಮಾಧಾನಕ್ಕಲ್ಲ, ತನ್ನ ನಗು ಆಕೆಯ ಕಿವಿಗೆ ಬೀಳಬಾರದು ಅಷ್ಟಕ್ಕೇ ಎಂದು ಒಳಗಿನಿಂದ ಯಾರೋ ಹೇಳುತ್ತಲೇ ಇದ್ದರು. ಹಾಗೆ ಹೇಳುತ್ತಿದ್ದವರಿಗೆ ಆ ಮುದುಕರ ಮನೆಯವರ ನೆನಪೂ ಇತ್ತು. ಅವನು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೆಲಸ ಮುಗಿಸಿದ.

ಈಗ ಹತ್ತೂಮುಕ್ಕಾಲು. ಕ್ಯಾಮೆರಾ ಚೀಲವನ್ನು ಹೆಗಲಿಗೆ ಹಾಕಿಕೊಂಡ. ಕ್ಯಾಮೆರಾ ಏಕೆ ಬೇಕು ಎಂದು ಹೆಂಡತಿ ಕೇಳಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಬೀದಿಯಲ್ಲಿ ಅಂಗಡಿಗಳ ಮುಂದೆ ಜನ ನಿಲ್ಲಲು ಸುಣ್ಣದಲ್ಲಿ ಬರೆದ ವೃತ್ತಗಳು ಖಾಲಿ ಬಿದ್ದಿದ್ದವು. ಮೂರನೆಯ ತಿರುವಿನಲ್ಲಿ ಮೊದಲ ಮಹಡಿಯಿಂದ ಒಂದು ಮಗು, ನಗಿಮಾಮ, ಎಂದು ಕೂಗಿತು. ಅವನು ಕೈಯೆತ್ತಿದ. ನಗುತ್ತಿದ್ದಾನೋ ಇಲ್ಲವೋ ಮಾಸ್ಕಿನೊಳಗೆ ಯಾರಿಗೂ ಕಾಣುವಂತಿರಲಿಲ್ಲ. ಅಂಚೆಯಕ್ಕನ ಗಂಡ ಒಂದು ಸಲ, ಎಷ್ಟೋ ವರ್ಷಗಳ ಹಿಂದೆ, ಬಸ್ಸನ್ನು ನಿಲ್ದಾಣವಲ್ಲದ ಕಡೆ ನಿಲ್ಲಿಸಿ, ಟ್ರೈಪಾಡು ಹೊತ್ತು ಬಿಸಿಲಲ್ಲಿ ನಡೆಯುತ್ತಿದ್ದ ಇವನನ್ನು ಹತ್ತಿಸಿಕೊಂಡಿದ್ದರು. ಆ ಮನುಷ್ಯ ದಿನಾ ಬೆಳಗ್ಗೆ ನುಣ್ಣಗೆ ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುಮಗನ ಹಾಗೆ ಬಸ್ಸು ಹತ್ತುತ್ತಾರೆ ಎಂದು ಕಂಡಕ್ಟರುಗಳು ಗೇಲಿ ಮಾಡುತ್ತಿದ್ದರು. ಆಗ ಅವರ ಮುಖ ನೋಡಿ ನಾಲ್ಕು ಒಳ್ಳೆಯ ಮಾತಾಡಿದ್ದೆನೇ ಎಂದು ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ.

ಅಂಚೆಯಕ್ಕ ಕಿಟಕಿಯ ಸರಳುಗಳ ಹಿಂದೆ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದಳು. ಆಕೆ ಹೊರಗೆ ಬರಲು ಇನ್ನೂ ಎರಡು ದಿನ ಇತ್ತು. ತಲೆ ಬಾಚಿ, ಒಗೆದ ಬಟ್ಟೆ ಉಟ್ಟು, ಯಾರಾದರೂ ದೊಡ್ಡವರು ಮನೆಗೆ ಬರುತ್ತಾರೆ ಎನ್ನುವಾಗಿನ ಸಿದ್ಧತೆಯಲ್ಲಿ ಇದ್ದಳು. ಅವನು ಪೆನ್‌ಡ್ರೈವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮೂರು ಹೆಜ್ಜೆ ಹಿಂದೆ ಸರಿದ. ಮುಖ ತೋರಿಸಲು ಬಿಡಲಿಲ್ಲ ಎಂಬ ಮಾತನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ. ಹೇಳಿದಾಗ ಅದು ತುಂಬ ಸಲೀಸಾಗಿ ಬಂತು. ಆಕೆ ಒಂದು ಕ್ಷಣ ಕಣ್ಣು ಮುಚ್ಚಿ, ಹೋಗಲಿ, ಅವರಾದರೂ ಏನು ಮಾಡ್ತಾರೆ, ಎಂದಳು. ಟೀವಿಗೆ ಪೆನ್‌ಡ್ರೈವ್ ಸಿಕ್ಕಿಸಿದಳು. ಕಿಟಕಿಯಿಂದ ಟೀವಿ ಅವನಿಗೂ ಕಾಣುತ್ತಿತ್ತು.

ಮಂಗಳವಾರದ ಕೋಣೆ ಬಂತು, ಸ್ಟ್ರೆಚರ್ ಬಂತು. ಒಳ್ಳೆಯ ಶಾಟ್, ನಿಧಾನವಾಗಿ ತಲೆಯ ಕಡೆಯಿಂದ ಕಾಲಿನ ಕಡೆಗೆ. ಅಂಚೆಯಕ್ಕ ಅಳಲಿಲ್ಲ. ಎರಡನೆಯ ನಿಮಿಷದಲ್ಲಿ ಎದ್ದು ಟೀವಿಯ ಹತ್ತಿರ ಹೋಗಿ, ಆ ನೀಲಿ ಚೀಲದ ಮೇಲೆ, ಎದೆ ಇರಬಹುದಾದ ಕಡೆ, ಅಂಗೈ ಇಟ್ಟಳು. ಚಿತ್ರ ಸರಿಯುತ್ತಿದ್ದಂತೆ ಕೈಯನ್ನೂ ಅದರ ಜೊತೆಗೇ ಸರಿಸುತ್ತ ಹೋದಳು. ಬಾಯಿಯಲ್ಲಿ ಏನೋ ಹೇಳುತ್ತಿದ್ದಳು. ಹೆಂಡತಿ ಗಂಡನಿಗೆ ಹೇಳುವ ಮಾತು, ಹೊರಗಿನವರಿಗಲ್ಲ. ಅವನು ನೆಲ ನೋಡಿದ. ನೋಡಿದರೂ ಅದು ಕೇಳಿಸುತ್ತಲೇ ಇತ್ತು. ಇನ್ನು ಎರಡೇ ನಿಮಿಷ, ಹಲ್ಲು ಕಚ್ಚಿಕೊಂಡು ನಿಂತರೆ ಮುಗಿಯುತ್ತದೆ, ಮನೆಗೆ ಹೋಗಬಹುದು, ಎಂದು ಲೆಕ್ಕ ಹಾಕುತ್ತಿದ್ದಾಗಲೇ ತನ್ನ ಬಾಯಿ ಮಾತಾಡಿದ್ದು ಅವನಿಗೆ ಕೇಳಿಸಿತು.

“ಅಕ್ಕ, ಅದು ಅವರಲ್ಲ.”

ಆಕೆಯ ಕೈ ತಕ್ಷಣ ಕೆಳಗಿಳಿಯಲಿಲ್ಲ. ಯಾರದೋ ಮನೆಯ ಬಾಗಿಲನ್ನು ತಮ್ಮದೆಂದು ತಟ್ಟಿದವರು ಬಾಗಿಲು ತೆರೆದಾಗ ನಿಲ್ಲುವಂತೆ ನಿಂತಳು. ಆಮೇಲೆ ಟೀವಿಯನ್ನು ನಿಲ್ಲಿಸಿ, ಮತ್ತೆ ಇವರು ಯಾರು ಎಂದು ಕೇಳಿದಳು. ಮಂಗಳವಾರ ಹೋದ ಒಬ್ಬ ಹಿರಿಯರು ಎಂದ. ಅವರ ಮನೆಯವರಿಗೆ ಗೊತ್ತಾ ಎಂದಳು. ಇಲ್ಲ ಎಂದ. ಅವನು ಉಳಿದದ್ದನ್ನೂ ಹೇಳಿದ. ಉಲ್ಟಾ ಶೂಟಿಂಗ್ ಎಂದರೆ ಏನು, ಕೈಗವಸು, ಮಂಜು, ಎಲ್ಲ. ಹೇಳುತ್ತ ಹೇಳುತ್ತ ತಾನು ಕೈಗವಸಿನ ವಿಷಯವನ್ನೇ ಹೆಚ್ಚು ಹೇಳುತ್ತಿದ್ದೇನೆ ಎಂದು ಅರಿವಾಗಿ ನಿಲ್ಲಿಸಿದ. ಆಕೆ ಟೀವಿಯಿಂದ ಪೆನ್‌ಡ್ರೈವ್ ಕಿತ್ತು, ಕಟ್ಟೆಯ ಮೇಲೆ ಅವನು ಇಟ್ಟಿದ್ದ ಜಾಗದಲ್ಲೇ ಇಟ್ಟಳು. ವಿಳಾಸ ತಪ್ಪಿ ಬಂದ ಕಾಗದವನ್ನು ಆಕೆ ಮೂವತ್ತು ವರ್ಷ ಹೀಗೆಯೇ ಪಕ್ಕಕ್ಕಿಡುತ್ತಿದ್ದಳೇನೋ.

“ಅವತ್ತು ಬಂದಿರೋದನ್ನ ಹಾಕಿ,” ಎಂದಳು.

ಅದರಲ್ಲಿ ಏನೂ ಇಲ್ಲ, ನೆಲ ಇದೆ, ನನ್ನ ಬೂಟು ಇದೆ ಎಂದ. ಆಕೆ ಚೀಲದ ಕಡೆ ಕೈ ತೋರಿಸಿದಳು. “ನನ್ನ ಮಾತಿದೆ ಅಕ್ಕ. ನೀವು ಕೇಳಬಾರದ ಮಾತು,” ಎಂದ. ಆಕೆ ಕುರ್ಚಿಯನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಕೂತಳು. ಅವನು ಚೀಲದಿಂದ, ಶುಕ್ರವಾರದ ಕಾರ್ಡು ಇನ್ನೂ ಒಳಗೇ ಇದ್ದ ಕ್ಯಾಮೆರಾ ತೆಗೆದು, ಅದರ ಪುಟ್ಟ ಪರದೆಯನ್ನು ಸರಳುಗಳ ಕಡೆ ತಿರುಗಿಸಿ ಕಟ್ಟೆಯ ಮೇಲಿಟ್ಟು, ಗುಂಡಿ ಒತ್ತಿ ಹಿಂದೆ ಸರಿದ. ಈ ಸಲ ಪರದೆ ಅವನಿಗೆ ಕಾಣುತ್ತಿರಲಿಲ್ಲ, ಆಕೆಯ ಮುಖ ಮಾತ್ರ ಕಾಣುತ್ತಿತ್ತು. ಬಿಸಿಲು ಕುತ್ತಿಗೆಯ ಮೇಲೆ ಬೀಳುತ್ತಿತ್ತು. ಎದುರು ಮನೆಯ ಕಾಂಪೌಂಡಿನೊಳಗೆ ಯಾರೋ ಬಟ್ಟೆ ಹಿಂಡುತ್ತಿದ್ದರು. ಚಕ್ರದ ಕಿರಕಿರ ಶಬ್ದ, ಹೆಜ್ಜೆಗಳು, ಬಾಗಿಲು. ಏನ್ ನಗಿಮಾಮ, ಎಂದು ಶುರುವಾದಾಗ ಅವನು ಓಡಿಹೋಗಿ ಕ್ಯಾಮೆರಾ ಎತ್ತಿಕೊಳ್ಳಬೇಕೆಂದುಕೊಂಡು, ಆಗದೆ, ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದು ನಿಂತ. ನಗು ಬಂತು. ಅಂಗಡಿಯಲ್ಲಿ ಕೇಳಿದ್ದಕ್ಕಿಂತ ಉದ್ದವಾಗಿತ್ತು. ಆಕೆ ತಲೆಯೆತ್ತಿ ಅವನನ್ನು ನೋಡಲಿಲ್ಲ. ನೋಡಿದ್ದರೆ, ಥೂ ಎಂದಿದ್ದರೆ, ಕಾಲಿಗೆ ಬೀಳಲು ಒಂದು ದಾರಿಯಾಗುತ್ತಿತ್ತು. ಮನೇಲಿ ಒಬ್ರೇ ಇರೋದು ಎಂಬ ಮಾತೂ ಬಂತು, ಹೋಯಿತು. ಆಂಬುಲೆನ್ಸಿನ ಎಂಜಿನ್ನು, ಅದರ ಕೆಳಗೆ ಮಣ್ಣಿನ ರಸ್ತೆ, ಕೊನೆಗೆ ಬ್ಯಾಗಿನೊಳಗಿನ ಕತ್ತಲೆ. ಹನ್ನೊಂದು ನಿಮಿಷ ಆಕೆ ಒಂದು ಕಡೆಯೂ ಮುಂದಕ್ಕೆ ಓಡಿಸಿ ಎನ್ನಲಿಲ್ಲ.

ಮುಗಿದ ಮೇಲೆ ಆಕೆ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಿದಳು.

“ಅಲ್ಲೊಂದು ಕಡೆ ನಿಂತುಹೋಗುತ್ತಲ್ಲ. ಜಿಪ್ಪು ತೆಗೆಯೋವಾಗ,” ಎಂದಳು. “ಮತ್ತೆ ಹಾಕೋವಾಗ ಶುರುವಾಗುತ್ತೆ. ನಡುವೆ ಏನಾಯ್ತು?”

“ಮುಖ ತೆರೆದ್ರು ಅಕ್ಕ.”

“ಎಷ್ಟು ಹೊತ್ತು?”

“ಒಂದು ನಿಮಿಷ.”

“ನೀವು ಎಷ್ಟು ದೂರದಲ್ಲಿದ್ರಿ?”

ಅವನು ತನ್ನ ಕಾಲ ಬುಡದಿಂದ ಕಿಟಕಿಯವರೆಗೆ ನೋಡಿ, ಇದರ ಅರ್ಧ ಎಂದ.

“ಹಾಗಾದ್ರೆ ನೀವು ನೋಡಿದೀರಿ. ಹೇಳಿ.”

ಏನು ಹೇಳುವುದು. ಮೂರು ವಾರದ ಹದಿನೆಂಟು ಮುಖಗಳು ಒಂದರ ಮೇಲೊಂದು ಬಂದು ನಿಂತವು, ಒಂದೂ ಮುಂದೆ ಬರಲಿಲ್ಲ. ಅವನು ಮುಖಗಳನ್ನು ನೋಡಿರಲಿಲ್ಲ, ಚೌಕಟ್ಟನ್ನು ನೋಡಿದ್ದ. ಎಲ್ಲ ಶಾಂತವಾಗಿತ್ತು, ಮಲಗಿದ ಹಾಗಿದ್ದರು, ಎಂದು ಹೇಳಿಬಿಡಬಹುದು. ಎಲ್ಲರೂ ಹೇಳುವುದು ಅದನ್ನೇ, ಅದು ಇನ್ನೊಂದು ಪೆನ್‌ಡ್ರೈವ್ ಕೊಟ್ಟಂತೆ. ಆಕೆ ಕಾದಳು. ಕಾಯುವುದು ಆಕೆಗೆ ಆ ಹನ್ನೆರಡು ದಿನಗಳಲ್ಲಿ ಅಭ್ಯಾಸವಾಗಿತ್ತು. ಆಗ, ಯಾವ ಪ್ರಯತ್ನವೂ ಇಲ್ಲದೆ, ಗಲ್ಲದ ಹತ್ತಿರ ಬೆಳ್ಳಗಿನದೇನೋ ಫೋಕಸ್ಸಿಗೆ ಸಿಗದೆ ಸತಾಯಿಸಿದ್ದು ನೆನಪಾಯಿತು.

“ಗಡ್ಡ ಇತ್ತು,” ಎಂದ.

ಆಕೆ ಸರಳನ್ನು ಹಿಡಿದುಕೊಂಡಳು. “ಗಡ್ಡನಾ? ಅವರಿಗಾ?”

“ಹೌದಕ್ಕ. ಹನ್ನೆರಡು ದಿನದ್ದು. ಕೆನ್ನೆ ಮೇಲೆ ಕಪ್ಪು, ಗಲ್ಲದ ಹತ್ತಿರ ಪೂರ್ತಿ ಬೆಳ್ಳಗೆ.”

ಮೂವತ್ತೊಂದು ವರ್ಷ ಸಂಸಾರ ಮಾಡಿ ನಾನು ಒಂದು ದಿನವೂ ನೋಡಿಲ್ಲ, ಎಂದು ಆಕೆ ತನಗೆ ತಾನೇ ಹೇಳಿಕೊಂಡಳು. ಜ್ವರ ಬಂದು ಮಲಗಿದಾಗಲೂ ಎದ್ದು ಕ್ಷೌರ ಮಾಡಿಕೊಳ್ಳುತ್ತಿದ್ದರಂತೆ. ಎಷ್ಟು ಬೈದರೂ ಕೇಳುತ್ತಿರಲಿಲ್ಲವಂತೆ. ಈಗ ಆಕೆಯ ಕಣ್ಣಲ್ಲಿ ನೀರು ಬಂತು. ಕಾಣದ ಆ ಬೆಳ್ಳಗಿನ ಗಡ್ಡಕ್ಕಾಗಿ ಆಕೆ ಬಹಳ ಹೊತ್ತು ಅತ್ತಳು, ಮುಖ ಮುಚ್ಚಿಕೊಳ್ಳದೆ. ಅವನು ನಿಂತೇ ಇದ್ದ. ಕಟ್ಟೆಯ ಮೇಲಿದ್ದ ಕ್ಯಾಮೆರಾದ ಪರದೆ ತಾನಾಗಿ ಆರಿಹೋಯಿತು. ಮೂಗು ಒರೆಸಿಕೊಂಡ ಮೇಲೆ ಆಕೆ, ಮೊದಲಿಗಿಂತ ಸಣ್ಣ ದನಿಯಲ್ಲಿ ಕೇಳಿದಳು:

“ಮುಖದಲ್ಲಿ ನೋವಿತ್ತಾ?”

ಇಲ್ಲ ಎನ್ನಬೇಕಿತ್ತು. ಯಾರಾದರೂ ಇಲ್ಲ ಎನ್ನುತ್ತಿದ್ದರು.

“ಗೊತ್ತಿಲ್ಲ ಅಕ್ಕ,” ಎಂದ. “ನಾನು ಅದನ್ನ ನೋಡ್ಲಿಲ್ಲ. ನಾನು ಬೆಳಕು ನೋಡ್ತಿದ್ದೆ.”

ಆಕೆ ಅವನನ್ನೇ ನೋಡಿದಳು, ಬಂದಾಗಿನಿಂದ ಮೊದಲ ಸಲ. ಕೋಪ ಇತ್ತೋ ಏನಿತ್ತೋ ಆ ನೋಟದಲ್ಲಿ, ಅವನು ತಪ್ಪಿಸಿಕೊಳ್ಳಲಿಲ್ಲ.

“ಸರಿ. ಬೆಳಕು ಹೇಗಿತ್ತು, ಅದನ್ನೇ ಹೇಳಿ.”

ಅವನು ಬ್ಯಾಗನ್ನು ಹೆಗಲಿನಿಂದ ಇಳಿಸಿ ಮೆಟ್ಟಿಲ ಮೇಲೆ ಕೂತ.

“ಎಡಗಡೆ ಎತ್ತರದಲ್ಲಿ ಒಂದು ಕಿಟಕಿ ಇತ್ತು ಅಕ್ಕ,” ಎಂದ. “ಗಾಜಿಗೆ ಬಿಳಿ ಬಣ್ಣ ಬಳಿದಿದ್ರು. ಹನ್ನೆರಡು ಗಂಟೆ ಬಿಸಿಲು, ಆದ್ರೆ ಆ ಬಣ್ಣದಿಂದ ಮೆತ್ತಗಾಗಿ ಬರ್ತಿತ್ತು. ಜಿಪ್ಪು ಇಳಿಸಿದಾಗ ಮೊದಲು ಹಣೆ ಮೇಲೆ ಬಿತ್ತು. ಆಮೇಲೆ ಈ ಕಡೆ ಕೆನ್ನೆ ಮೇಲೆ. ಆ ಕಡೆ ಕೆನ್ನೆ ನೆರಳಲ್ಲಿತ್ತು…”